ಮಳೆಗಾಲ, ಒಂದೇ ಗಾದಿ, ನಾಲ್ಕು ವರ್ಷದ ಮಗ: ರಾತ್ರಿ ಹಾಸಿಗೆ ಒದ್ದೆಯಾದರೆ ಕಡಿಮೆ ಖರ್ಚಲ್ಲಿ ಏನು ಮಾಡೋದು?

ಪ್ರಶ್ನೆ: "ಅಕ್ಕಾ, ನಾವಿರೋದು ಘಾಟ್‌ಕೋಪರ್‌ನ ಚಾಳಿನಲ್ಲಿ, ಒಂದೇ ಖೋಲಿ. ಮಗನಿಗೆ ನಾಲ್ಕು ವರ್ಷ ತುಂಬಿದೆ. ಹಗಲು ಹೇಳಿ ಹೋಗುತ್ತಾನೆ. ರಾತ್ರಿ ಮಾತ್ರ ವಾರಕ್ಕೆ ನಾಲ್ಕೈದು ಸಲ ಹಾಸಿಗೆಯಲ್ಲೇ ಉಚ್ಚೆ. ಡೈಪರ್‌ಗೆ ತಿಂಗಳಿಗೆ 500 ರೂಪಾಯಿ ಹೋಗುತ್ತಿತ್ತು, ಅಭ್ಯಾಸ ಆಗಲಿ ಅಂತ ಮೇ ತಿಂಗಳಲ್ಲಿ ಬಿಡಿಸಿದೆ. ಈಗ ಮಳೆ ಶುರುವಾಗಿ ಗಾದಿ ಒಣಗುತ್ತಲೇ ಇಲ್ಲ. ಸಂಜೆ ಆರರ ಮೇಲೆ ನೀರು ಕೊಡಬೇಡ ಅಂತ ಅತ್ತೆ ಹೇಳುತ್ತಾರೆ. ಏನು ಮಾಡಲಿ?"

ಮೊದಲು ಗಾದಿ ಉಳಿಸಿಕೊಳ್ಳೋಣ. ಮಗನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅವನಿಗೇನೂ ಅವಸರ ಇಲ್ಲ.

ಹತ್ತಿ ಗಾದಿ ಒಳಗೆ ನೆನೆಯಿತು ಅಂದರೆ ಅದಕ್ಕೆ ಬಿಸಿಲೇ ಬೇಕು. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಗ್ಯಾರಂಟಿ ಯಾರೂ ಕೊಡಲ್ಲ. ಹಾಗಾಗಿ ಮೊದಲ ದುಡ್ಡು ರಬ್ಬರ್ ಶೀಟಿಗೆ ಹಾಕಿ. ಬಾಣಂತಿ, ಕೂಸಿನ ಕೆಳಗೆ ಹಾಸುತ್ತೇವಲ್ಲ, ಅದೇ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ತುಂಡು ತಗೊಳ್ಳಿ, ಒಂದಲ್ಲ. ಮಳೆಗೆ ಮುಂಚೆ ಅಂಗಡಿಗಳ ಮುಂದೆ ನೇತು ಹಾಕುವ ನೀಲಿ ತಾಡಪತ್ರಿಯೂ ನಡೆಯುತ್ತದೆ, ಆದರೆ ಮಗು ಮಗ್ಗುಲು ಬದಲಿಸಿದಾಗಲೆಲ್ಲ ಕರಕರ ಅನ್ನುತ್ತದೆ. ಅವನು ಮಲಗಿರುತ್ತಾನೆ, ನೀವು ಮಲಗಲ್ಲ. ತೆಳು ಪ್ಲಾಸ್ಟಿಕ್ ಚೀಲ ಕತ್ತರಿಸಿ ಹಾಸುವುದು ಮಾತ್ರ ಬೇಡವೇ ಬೇಡ. ಮುಖಕ್ಕೆ ಸುತ್ತಿಕೊಂಡರೆ ಉಸಿರು ಕಟ್ಟುತ್ತದೆ.

ಗಾದಿ ಮೇಲೆ ಒಂದು ರಬ್ಬರ್, ಅದರ ಮೇಲೆ ಹಳೇ ಹತ್ತಿ ಸೀರೆಯ ಮಡಿಕೆ. ಅದರ ಮೇಲೆ ಮತ್ತೆ ರಬ್ಬರ್, ಮತ್ತೆ ಸೀರೆ. ಎರಡೂ ತುದಿ ಗಾದಿ ಕೆಳಗೆ ಬಿಗಿಯಾಗಿ ಸಿಕ್ಕಿಸಿ. ರಾತ್ರಿ ಎರಡು ಗಂಟೆಗೆ ಒದ್ದೆಯಾಯಿತಾ? ಮೇಲಿನ ಎರಡನ್ನು ಎಳೆದು ಮೋರಿಗೆ, ಅಂದರೆ ಖೋಲಿಯೊಳಗಿನ ಬಚ್ಚಲಿಗೆ, ಹಾಕಿ. ಕೆಳಗೆ ಒಣ ಹಾಸಿಗೆ ಹಾಸಿಯೇ ಇರುತ್ತದೆ. ಮಗನ ಚಡ್ಡಿ ಬದಲಿಸಿ ಮಲಗಿಸಿದರೆ ಆಯಿತು. ಲೈಟು ಹಾಕೋದು ಬೇಡ, ಮನೆಯವರನ್ನು ಎಬ್ಬಿಸೋದೂ ಬೇಡ. (ಎಬ್ಬಿಸಿದರೂ ತಪ್ಪಿಲ್ಲ.)

ಇಲ್ಲಿ ನಾನೊಂದು ತಪ್ಪು ಮಾಡಿದ್ದೆ. ಧಾರವಾಡದ ಕಡೆಯವಳಲ್ವಾ, ಹಳೇ ಬಟ್ಟೆ ಕಂಡರೆ ಕೈ ಸುಮ್ನೆ ಇರಲ್ಲ. ಮಗನಿಗೆ ಅಂತ ಆರು ಪದರದ ಪುಟ್ಟ ಕೌದಿ ಮೂರು ಹೊಲಿದೆ. ಸುತ್ತ ಅಂಚು, ನಡುವೆ ಒತ್ತೊತ್ತಾಗಿ ದಾರ. ನೋಡಲು ಬಹಳ ಚಂದ. ಜುಲೈಯಲ್ಲಿ ಅದರಲ್ಲೊಂದು ಫ್ಯಾನಿನ ಕೆಳಗೆ ಮೂರು ದಿನ ನೇತಾಡಿತು, ಒಣಗಲಿಲ್ಲ, ಮುಗ್ಗಲು ವಾಸನೆ ಹಿಡಿಯಿತು. ಕೊನೆಗೆ ಕೂತು ಹೊಲಿಗೆಯನ್ನೆಲ್ಲ ಬಿಚ್ಚಿದೆ. ಅದೇ ಬಟ್ಟೆಯನ್ನು ಒಂದೊಂದೇ ಪದರವಾಗಿ ಹಗ್ಗದ ಮೇಲೆ ಹರವಿದರೆ ಬೆಳಗಾಗುವುದರೊಳಗೆ ಒಣಗುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಸೀರೆಯನ್ನು ಎರಡು ತುಂಡು ಮಾಡಿ, ಹೊಲಿಯದೆ ಬರೀ ಮಡಚಿ ಹಾಸಿ. ಮೂರು ಸೀರೆ ಇದ್ದರೆ ಆರು ತುಂಡು. ಮಳೆ ಎಷ್ಟೇ ಹಿಡಿದುಕೊಂಡರೂ ಸರತಿ ತಪ್ಪಲ್ಲ. ಪಾಲಿಯೆಸ್ಟರ್ ಸೀರೆ ಬೇಗ ಒಣಗುತ್ತದೆ ನಿಜ, ಆದರೆ ಅದು ಹೀರುವುದೇ ಇಲ್ಲ, ಉಚ್ಚೆ ಹರಿದು ಪಕ್ಕದಲ್ಲಿ ಮಲಗಿದವರ ಬೆನ್ನಿಗೆ ಬರುತ್ತದೆ.

ವಾಸನೆ ಬರುವುದು ಬಟ್ಟೆ ಹಾಗೇ ಬಿದ್ದಿದ್ದಾಗ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ, ಆ ಘಾಟೇ ಅದು. ರಾತ್ರಿಯೇ ಅರ್ಧ ಬಕೆಟ್ ತಣ್ಣೀರಲ್ಲಿ ಅದ್ದಿಟ್ಟರೆ ಬೆಳಿಗ್ಗೆ ನಳ ಬಂದಾಗ ಕೆಲಸ ಸಲೀಸು. ಕೊನೆಯ ನೀರಿಗೆ ಒಂದು ಸಣ್ಣ ಕಪ್ ಬಿಳಿ ವಿನೆಗರ್ ಹಾಕಿ. ಡೆಟಾಲ್ ಹಾಕಿದರೆ ಒಂದರ ಜಾಗದಲ್ಲಿ ಎರಡು ವಾಸನೆ, ಅಷ್ಟೇ. ಈಗಾಗಲೇ ನೆನೆದ ಗಾದಿಗೆ ಒಣಬಟ್ಟೆ ಒತ್ತಿ ಹೀರಿಸಿ, ಅಡುಗೆ ಸೋಡಾ ಉದುರಿಸಿ ಕೆಲವು ಗಂಟೆ ಬಿಟ್ಟು ಕೊಡವಿ. ಉಚ್ಚೆ ಬಟ್ಟೆಗೆ ಬ್ಲೀಚ್ ಹಾಕಲೇಬೇಡಿ. ಅಮೋನಿಯಾ ಜೊತೆ ಸೇರಿದರೆ ವಿಷದ ಗ್ಯಾಸ್ ಏಳುತ್ತದೆ, ಗಾಳಿಯಾಡದ ಮೋರಿಯಲ್ಲಿ ಅಪಾಯ.

ಈಗ ಮಗನ ಮಾತು. ಹಗಲು ಹೇಳಿ ಹೋಗುವುದನ್ನು ನೀವು ಕಲಿಸಿದಿರಿ, ಅವನು ಕಲಿತ. ರಾತ್ರಿಯದು ಹಾಗಲ್ಲ, ಹಲ್ಲು ಹುಟ್ಟುವ ಹಾಗೆ. ನಿದ್ದೆಯಲ್ಲಿ ಉಚ್ಚೆ ಕಡಿಮೆ ತಯಾರಾಗಲಿ ಅಂತ ಮೆದುಳು ವಾಸೊಪ್ರೆಸಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡಬೇಕು. ಕೆಲವು ಮಕ್ಕಳಲ್ಲಿ ಅದು ತಡವಾಗಿ ಶುರುವಾಗುತ್ತದೆ. ಉಚ್ಚೆ ಚೀಲ ತುಂಬಿದಾಗ ಎಚ್ಚರವೂ ಆಗಬೇಕು. ನಾಲ್ಕು ವರ್ಷದ ಮಗುವಿನ ಚೀಲ ಹಿಡಿಯುವುದು ಸುಮಾರು 150 ಮಿಲಿ, ಎರಡು ಕಟಿಂಗ್ ಚಹಾದಷ್ಟು. ಐದು ವರ್ಷ ತುಂಬುವ ತನಕ ಡಾಕ್ಟರುಗಳು ಇದನ್ನು ತೊಂದರೆ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಂದಿ ಇನ್ನೂ ಹಾಸಿಗೆ ಒದ್ದೆ ಮಾಡುತ್ತಿರುತ್ತಾರೆ. ಅವರಲ್ಲೂ ವರ್ಷ ವರ್ಷ ಒಂದಷ್ಟು ಮಕ್ಕಳು ತಾವಾಗೇ ಬಿಡುತ್ತಾರೆ.

ಇದು ವಂಶದಲ್ಲೂ ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೆ ಬರುವ ಸಾಧ್ಯತೆ 100ಕ್ಕೆ 40ರ ಮೇಲೆ, ಇಬ್ಬರಿಗೂ ಇದ್ದಿದ್ದರೆ 70ರ ಮೇಲೆ. ನಿಮ್ಮ ಅತ್ತೆಯವರನ್ನು ಒಮ್ಮೆ ಮೆಲ್ಲಗೆ ಕೇಳಿ ನೋಡಿ, "ಇವರು ಎಷ್ಟು ವರ್ಷಕ್ಕೆ ಬಿಟ್ಟರು ಅತ್ತೆ?" ನಾನು ಕೇಳಿದ ದಿನ ನಮ್ಮ ಅತ್ತೆ "ಏಳು ತುಂಬಿತ್ತು" ಅಂದರು. ಮನೆಯವರು ಪೇಪರ್ ಇನ್ನೂ ಮೇಲಕ್ಕೆ ಎತ್ತಿ ಹಿಡಿದರು. ಆಮೇಲೆ ನಮ್ಮ ಮನೆಯಲ್ಲಿ ಮಗನನ್ನು ಬೈಯುವುದು ನಿಂತುಹೋಯಿತು. ಬರೆ ಹಾಕ್ತೀನಿ ಅಂತ ಹೆದರಿಸುವುದು, ಚಾಳಿನ ಹುಡುಗರ ಮುಂದೆ ಒದ್ದೆ ಚಡ್ಡಿ ತೋರಿಸಿ ನಗುವುದು, ಇದರಿಂದ ಹಾರ್ಮೋನು ಬೇಗ ಬರಲ್ಲ. ಮಗುವಿಗೆ ರಾತ್ರಿ ಅಂದರೆ ಭಯ ಹುಟ್ಟುತ್ತದೆ, ಅಷ್ಟೇ.

ನೀರಿನ ಮಾತಿಗೆ ಅತ್ತೆಯವರದು ಅರ್ಧ ಸರಿ. ಮಲಗುವ ಮುಂಚಿನ ಒಂದು ಗಂಟೆ ಗ್ಲಾಸ್‌ಗಟ್ಟಲೆ ಕುಡಿಸಬೇಡಿ. ಆದರೆ ಆರರಿಂದಲೇ ಬಾಯಿ ಒಣಗಿಸುವುದು ಈ ಸೆಕೆಯ ಊರಲ್ಲಿ ಒಳ್ಳೆಯದಲ್ಲ. ದಿನಕ್ಕೆ ಒಂದು ಲೀಟರಿನ ಮೇಲೆ ಹೋಗಬೇಕು, ಅದರ ಹೆಚ್ಚಿನ ಪಾಲು ಸಂಜೆಯೊಳಗೆ ಹೋಗಲಿ. ಬಾಲವಾಡಿಗೆ ಕಳುಹಿಸುವ ಬಾಟಲಿ ಹಾಗೇ ತುಂಬಿ ವಾಪಸ್ ಬರುತ್ತಿದೆಯಾ ನೋಡಿ. ಅಂಥ ಮಗು ಮನೆಗೆ ಬಂದ ಮೇಲೆ ಒಟ್ಟಿಗೆ ಗಟಗಟ ಕುಡಿಯುತ್ತದೆ. ರಾತ್ರಿ ಮಲಗುವಾಗಿನ ಹಾಲನ್ನು ಊಟಕ್ಕಿಂತ ಮುಂಚೆಗೆ ಎಳೆಯಿರಿ. ಸಂಜೆ ಬಿಸ್ಕೀಟಿನ ಜೊತೆ ಚಹಾ ಕೊಡುತ್ತಿದ್ದರೆ ನಿಲ್ಲಿಸಿ. ಅದರಲ್ಲಿನ ಕೆಫೀನ್ ಉಚ್ಚೆ ಹೆಚ್ಚಿಸುತ್ತದೆ.

ಎರಡಕ್ಕೆ ಸರಿಯಾಗಿ ಹೋಗುತ್ತಾನಾ? ಇದನ್ನು ಯಾರೂ ಕೇಳುವುದಿಲ್ಲ. ಮಲ ಕಟ್ಟಿದ ಹೊಟ್ಟೆ ಉಚ್ಚೆ ಚೀಲವನ್ನು ಒತ್ತುತ್ತದೆ, ಚೀಲ ತುಂಬುವ ಮೊದಲೇ ಸುರಿದುಬಿಡುತ್ತದೆ. ಚಾಳಿನ ಸಾಲು ಪಾಯಖಾನೆಗೆ ಹೆದರಿ ತಡೆದುಕೊಳ್ಳುವ ಮಕ್ಕಳು ಬಹಳ. ಪಪ್ಪಾಯಿ, ಬಾಳೆಹಣ್ಣು, ಸೊಪ್ಪಿನ ಪಲ್ಯ, ಮೆತ್ತನೆಯ ಬಿಸಿ ರೊಟ್ಟಿ, ಜೊತೆಗೆ ಹಗಲಿನ ನೀರು. ಎಷ್ಟೋ ಮನೆಯಲ್ಲಿ ಇದೊಂದು ಸರಿಹೋದ ಮೇಲೆ ಒಣ ರಾತ್ರಿಗಳು ಜಾಸ್ತಿಯಾದದ್ದನ್ನು ನೋಡಿದ್ದೇನೆ.

ಊಟ ಆದ ಮೇಲೆ ಒಮ್ಮೆ, ದಿಂಬಿಗೆ ತಲೆ ಇಡುವ ಮುಂಚೆ ಇನ್ನೊಮ್ಮೆ ಒಂದಕ್ಕೆ ಕೂರಿಸಿ. ಕತ್ತಲಲ್ಲಿ ಗ್ಯಾಲರಿ ದಾಟಿ ಹೊರಗೆ ಹೋಗು ಅಂದರೆ ದೊಡ್ಡವರೇ ಹಿಂದೆ ಮುಂದೆ ನೋಡುತ್ತಾರೆ. ಮೋರಿಯಲ್ಲೇ ಒಂದು ಪಾಟ್ ಇಟ್ಟು, ಝೀರೋ ಬಲ್ಬ್ ಉರಿಯಲು ಬಿಡಿ. ನೀವು ಮಲಗುವಾಗ ಅವನನ್ನು ಎತ್ತಿಕೊಂಡು ಹೋಗಿ ಮಾಡಿಸಬಹುದಾ? ಮಾಡಿಸಿ, ಆ ರಾತ್ರಿಯ ಬಟ್ಟೆ ಉಳಿಯುತ್ತದೆ. ಅದರಿಂದ ಅವನು ಬೇಗ ಕಲಿಯುತ್ತಾನೆ ಅಂದುಕೊಳ್ಳಬೇಡಿ. ನಿಮಗೆ ನಿದ್ದೆಗಣ್ಣಾಗಿದ್ದರೆ ಬಿಟ್ಟುಬಿಡಿ.

ಡೈಪರ್ ಬಿಡಿಸಿದ್ದು ತಪ್ಪೂ ಅಲ್ಲ, ಮತ್ತೆ ಹಾಕಿದರೆ ಸೋಲೂ ಅಲ್ಲ. ಒಂದು ಪ್ಯಾಕ್ ಮನೆಯಲ್ಲಿರಲಿ. ಊರಿಗೆ ಹೋಗುವ ರಾತ್ರಿ ರೈಲಿಗೆ, ನೆಂಟರ ಮನೆಗೆ, ಬಟ್ಟೆ ಯಾವುದೂ ಒಣಗದ ಆ ಎರಡು ಮೂರು ದಿನಕ್ಕೆ. ತಿಂಗಳಿಗೆ 30 ಹೋಗುತ್ತಿದ್ದದ್ದು ಐದಾರಕ್ಕೆ ಇಳಿಯುತ್ತದೆ.

ಕೆಲವು ಲಕ್ಷಣ ಕಂಡರೆ ಮಾತ್ರ ವಯಸ್ಸು ನೋಡದೆ ಡಾಕ್ಟರ ಹತ್ತಿರ ಹೋಗಿ. ಆರು ತಿಂಗಳು ಹಾಸಿಗೆ ಒದ್ದೆ ಮಾಡದೆ ಇದ್ದವನು ಮತ್ತೆ ಶುರು ಮಾಡಿದರೆ, ಉಚ್ಚೆ ಹೊಯ್ಯುವಾಗ ಉರಿ, ಜ್ವರ ಇದ್ದರೆ, ಹಗಲೂ ತೊಟ್ಟಿಕ್ಕುತ್ತಿದ್ದರೆ, ರಾತ್ರಿ ಜೋರಾಗಿ ಗೊರಕೆ ಹೊಡೆದರೆ. ವಿಪರೀತ ಬಾಯಾರಿಕೆ, ಜೊತೆಗೆ ತೂಕ ಇಳಿಯುವುದು ಕಂಡರೆ ಅವತ್ತೇ ಹೋಗಿ, ಮಕ್ಕಳ ಸಕ್ಕರೆ ಕಾಯಿಲೆ ಹಾಗೆ ಶುರುವಾಗುತ್ತದೆ. ಮುನ್ಸಿಪಾಲ್ಟಿಯ ಆಪ್ಲಾ ದವಾಖಾನಾದಲ್ಲಿ ಡಾಕ್ಟರು ನೋಡುವುದಕ್ಕೆ ದುಡ್ಡಿಲ್ಲ. ಮುಂದೆ ಬೇಕಾದರೆ ಪರೇಲ್‌ನಲ್ಲಿ ಮಕ್ಕಳಿಗೆಂದೇ ಇರುವ ವಾಡಿಯಾ ಆಸ್ಪತ್ರೆ ಇದೆ. ಏಳರ ಹತ್ತಿರ ಬಂದರೂ ನಿಲ್ಲದಿದ್ದರೆ ಒದ್ದೆಯಾದ ಕೂಡಲೇ ಸದ್ದು ಮಾಡುವ ಅಲಾರಂ, ಡೆಸ್ಮೋಪ್ರೆಸಿನ್ ಮಾತ್ರೆ ಅಂತೆಲ್ಲ ಇವೆ. ಮಾತ್ರೆಯನ್ನು ಡಾಕ್ಟರು ಬರೆದು ಕೊಟ್ಟರೆ ಮಾತ್ರ ಕೊಡಿ, ಅದರ ಜೊತೆ ರಾತ್ರಿ ನೀರಿನ ಲೆಕ್ಕ ಇಡಬೇಕಾಗುತ್ತದೆ. ಹೋಗುವ ಮುಂಚೆ ಎರಡು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಒದ್ದೆಯಾದ ರಾತ್ರಿಗೊಂದು ಚುಕ್ಕೆ, ಎರಡಕ್ಕೆ ಹೋದ ದಿನಕ್ಕೊಂದು ಗೆರೆ ಹಾಕಿಡಿ. ಡಾಕ್ಟರು ಕೇಳುವುದು ಇದನ್ನೇ. ಮೊಬೈಲಲ್ಲಿ ಅದರ ಫೋಟೋ ಹೊಡೆದುಕೊಂಡು ಹೋದರೆ ಸಾಕು.