ಮಗ್ಗಿಯಲ್ಲಿ ಐದು ಮನೆ ಖಾಲಿ

"ನನ್ನ ಸಿಸ್ಟಮ್‌ನಲ್ಲಿ ಸರಿಯಾಗೇ ಓಡ್ತಿದೆಯಲ್ಲ!" ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಈ ಮಾತು ಹೊಸದಲ್ಲ. ಅದೇ ಪ್ರೋಗ್ರಾಂ, ಹೆಚ್ಚೂಕಡಿಮೆ ಅದೇ ಕಂಪ್ಯೂಟರ್. ಪಕ್ಕದ ಮೇಜಿನಲ್ಲಿ ಮಾತ್ರ ಬೇರೆ ಉತ್ತರ. ಹುಡುಕುತ್ತ ಹೋದರೆ ಸಿಗುವುದು ಸಾಮಾನ್ಯವಾಗಿ ಚಿಲ್ಲರೆ ಕಾರಣ. ನಾನೇ ಒಮ್ಮೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಕಂಡದ್ದು ಫೈಲ್ ಹೆಸರಿನಲ್ಲಿದ್ದ ಒಂದು ಕ್ಯಾಪಿಟಲ್ ಅಕ್ಷರ. ವಿಂಡೋಸ್‌ಗೆ ಅದು ಲೆಕ್ಕಕ್ಕಿಲ್ಲ, ಲಿನಕ್ಸ್‌ಗೆ ಅದು ಬೇರೆಯೇ ಫೈಲ್.

ಇಂಥ ಹುಡುಕಾಟದಲ್ಲಿ ಯಂತ್ರದ ಮೇಲೆ ಅನುಮಾನ ಬರುವುದು ಕಟ್ಟಕಡೆಗೆ. 1994ರಲ್ಲಿ ಅಮೆರಿಕದ ವರ್ಜೀನಿಯಾದ ಗಣಿತ ಮೇಷ್ಟ್ರು ಥಾಮಸ್ ನೈಸ್ಲಿ ಆ ಕಟ್ಟಕಡೆಯವರೆಗೂ ಹೋದರು.

ಅವರು ಅವಳಿ ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿದ್ದರು. 11 ಮತ್ತು 13, 17 ಮತ್ತು 19, ಹೀಗೆ ಎರಡರ ಅಂತರದಲ್ಲಿರುವ ಜೋಡಿಗಳು. ಒಂದನ್ನು ಇವುಗಳಿಂದ ಭಾಗಿಸಿ, ಬಂದದ್ದನ್ನೆಲ್ಲ ಕೂಡುತ್ತ ಹೋದರೆ ಮೊತ್ತ ಎಲ್ಲೋ ಒಂದು ಕಡೆ ನಿಲ್ಲುತ್ತದೆ ಎಂದು ನಾರ್ವೆಯ ವಿಗ್ಗೊ ಬ್ರುನ್ 1919ರಲ್ಲೇ ತೋರಿಸಿದ್ದರು. ಅದು ಎಷ್ಟು ಎಂದು ಇನ್ನಷ್ಟು ನಿಖರವಾಗಿ ತಿಳಿಯಬೇಕು, ಅಷ್ಟೇ. ನೈಸ್ಲಿ ಹಲವು ಕಂಪ್ಯೂಟರ್‌ಗಳಿಗೆ ಈ ಲೆಕ್ಕ ಹಚ್ಚಿದ್ದರು. ಆ ಸಾಲಿಗೆ ಹೊಸದಾಗಿ ಒಂದು ಪೆಂಟಿಯಂ, ಅಂದರೆ ಇಂಟೆಲ್ ಕಂಪನಿಯ ಆಗಿನ ಹೊಸ ಚಿಪ್ ಇದ್ದ ಕಂಪ್ಯೂಟರ್, ಸೇರಿತು. ಆಮೇಲೆ ಉತ್ತರಗಳು ತಾಳೆಯಾಗಲಿಲ್ಲ.

ತಿಂಗಳುಗಟ್ಟಲೆ ಸೋಸಿದರು. ತಮ್ಮ ಪ್ರೋಗ್ರಾಂ ತಪ್ಪೇ? ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತಪ್ಪೇ? ಕೊನೆಗೆ ತಪ್ಪು ಒಂದೇ ಸಂಖ್ಯೆಯ ಹತ್ತಿರ ಬಂದು ನಿಂತಿತು: 824633702441. ಒಂದನ್ನು ಇದರಿಂದ ಭಾಗಿಸಿ, ಬಂದ ಉತ್ತರವನ್ನು ಮತ್ತೆ ಇದರಿಂದಲೇ ಗುಣಿಸಿದರೆ ಒಂದೇ ಬರಬೇಕು, ಅಲ್ವಾ? ಪೆಂಟಿಯಂ ಕೊಟ್ಟದ್ದು 0.999999996274709702. ಬೇರೆ ಕಂಪನಿಗಳು ಜೋಡಿಸಿದ ಪೆಂಟಿಯಂಗಳಲ್ಲೂ ಇದೇ ಕಥೆ. ಹಳೆಯ 486 ಚಿಪ್‌ನಲ್ಲಿ ಎಲ್ಲ ಸರಿ. ಪೆಂಟಿಯಂನೊಳಗೆ ದಶಾಂಶ ಲೆಕ್ಕಕ್ಕೆಂದೇ ಇರುವ ಭಾಗವನ್ನು ಬಂದ್ ಮಾಡಿಟ್ಟರೆ ಅಲ್ಲೂ ಸರಿ! ನನಗೆ ಇಡೀ ಕಥೆಯಲ್ಲಿ ಬಲು ಇಷ್ಟವಾದ ಹೆಜ್ಜೆ ಇದು. ಉಳಿದದ್ದೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ತೆಗೆದು ನೋಡುವುದು.

ಒಳಗೆ ಆಗಿದ್ದಾದರೂ ಏನು? ನಾವು ಸ್ಲೇಟಿನ ಮೇಲೆ ಮಾಡುತ್ತಿದ್ದ ಭಾಗಾಕಾರ ನೆನಪಿಸಿಕೊಳ್ಳಿ. 250ರಲ್ಲಿ 37 ಎಷ್ಟು ಸಲ ಹೋಗುತ್ತದೆ? ಆರು ಇರಬಹುದು ಎಂದು ಅಂದಾಜು ಮಾಡಿ, ಗುಣಿಸಿ, ಕಳೆದು, ಮುಂದಿನ ಅಂಕಿ ಇಳಿಸಿಕೊಳ್ಳುತ್ತೇವೆ. ಚಿಪ್ ಮಾಡುವುದೂ ಅದನ್ನೇ, ಸೊನ್ನೆ-ಒಂದುಗಳ ಬೈನರಿಯಲ್ಲಿ. 486 ಒಂದು ಸುತ್ತಿಗೆ ಒಂದು ಬಿಟ್, ಅಂದರೆ ಒಂದು ಬೈನರಿ ಅಂಕಿಯಷ್ಟು ಉತ್ತರ ಪಡೆಯುತ್ತಿತ್ತು. ಪೆಂಟಿಯಂಗೆ ಅವಸರ, ಒಂದೇ ಸುತ್ತಿಗೆ ಎರಡು ಬಿಟ್. ಅಂದಾಜಿಗೆ ಒಳಗೇ ಒಂದು ಮಗ್ಗಿಯಂಥ ಪಟ್ಟಿ ಇತ್ತು. ಅದು ಹೇಳುವುದು −2, −1, 0, 1, 2, ಇಷ್ಟರಲ್ಲಿ ಒಂದನ್ನು. ಮೈನಸ್ ಯಾಕೆ ಅಂದರೆ, ಈ ಸಲ ಸ್ವಲ್ಪ ಜಾಸ್ತಿ ಹಿಡಿದಿದ್ದರೆ ಮುಂದಿನ ಸಲ ಕಡಿಮೆ ಮಾಡಿ ಸರಿದೂಗಿಸಬಹುದು. ಜಾಣ ಉಪಾಯವೇ. ಆದರೆ ಪಟ್ಟಿಯ ಐದು ಮನೆಗಳಲ್ಲಿ 2 ಇರಬೇಕಾದ ಕಡೆ ಸೊನ್ನೆ ಉಳಿದುಬಿಟ್ಟಿತ್ತು. ಅಷ್ಟು ದೊಡ್ಡ ತಪ್ಪನ್ನು ಮುಂದಿನ ಸುತ್ತುಗಳು ಸರಿದೂಗಿಸಲಾರವು. ಆ ಮನೆಗಳಿಗೆ ಲೆಕ್ಕ ಹೋಗಿ ಮುಟ್ಟುವುದೂ ತೀರಾ ಅಪರೂಪ. ಹಾಗಾಗಿ ತಪ್ಪು ಅಡಗಿಯೇ ಇತ್ತು.

ಸುದ್ದಿ ಹಬ್ಬಿದ ಮೇಲೆ ಜನ 4195835ನ್ನು 3145727ರಿಂದ ಭಾಗಿಸಿ ತಮ್ಮ ಯಂತ್ರ ಪರೀಕ್ಷಿಸತೊಡಗಿದರು. ಬರಬೇಕಾದ್ದು 1.33382, ಬರುತ್ತಿದ್ದುದು 1.33374. ಸಾಮಾನ್ಯ ಬಳಕೆದಾರನಿಗೆ 27,000 ವರ್ಷಕ್ಕೊಮ್ಮೆ ಇದು ಎದುರಾದೀತು ಎಂದಿತು ಇಂಟೆಲ್. ಸರಾಸರಿ ಲೆಕ್ಕ, ಇರಬಹುದು. ಆದರೆ ಹಗಲೂ ರಾತ್ರಿ ಭಾಗಾಕಾರವನ್ನೇ ಮಾಡಿಸುವವನಿಗೆ ಅಷ್ಟು ವರ್ಷ ಕಾಯಬೇಕಿಲ್ಲವಲ್ಲ. ಡಿಸೆಂಬರ್‌ನಲ್ಲಿ ಐಬಿಎಂ ತನ್ನ ಪೆಂಟಿಯಂ ಕಂಪ್ಯೂಟರ್‌ಗಳ ರವಾನೆ ನಿಲ್ಲಿಸಿತು. ಅದೇ ತಿಂಗಳು 20ರಂದು ಇಂಟೆಲ್, ಕೇಳಿದವರಿಗೆಲ್ಲ ಚಿಪ್ ಬದಲಿಸಿ ಕೊಡುವುದಾಗಿ ಒಪ್ಪಿತು. ಖರ್ಚಿನ ಬಾಬ್ತು 47.5 ಕೋಟಿ ಡಾಲರ್.

ಸರಿಪಡಿಸಿದ ಚಿಪ್‌ಗಳಲ್ಲಿ ಬರೀ ಆ ಐದು ಮನೆಗಳನ್ನಲ್ಲ, ಎಂದೂ ಬಳಕೆಯಾಗದ ಖಾಲಿ ಮನೆಗಳನ್ನೂ 2ರಿಂದಲೇ ತುಂಬಿಬಿಟ್ಟರು. ಯಾವುದು ಖಾಲಿ, ಯಾವುದು ಅಲ್ಲ ಎಂದು ಗೆರೆ ಎಳೆಯುವ ಕೆಲಸವೇ ತಪ್ಪಿತು. ತಮಾಷೆ ಅಂದರೆ, ಪಟ್ಟಿಯ ಸರ್ಕ್ಯೂಟ್ ಮೊದಲಿಗಿಂತ ಸರಳವಾಯಿತು.