ಓದುಗರ ಪ್ರಶ್ನೆ: ಹಳೇ ನಟರ ಪತ್ರ ಅಸಲಿಯೋ, ನಕಲಿಯೋ?

ಪ್ರಶ್ನೆ: ಮುಂಬೈನ ಚೋರ್ ಬಜಾರಿನಲ್ಲಿ ಒಬ್ಬ ವ್ಯಾಪಾರಿ ಪೃಥ್ವಿರಾಜ್ ಕಪೂರ್ ಅವರ ಸಹಿ ಇರುವ ಪತ್ರ ತೋರಿಸಿದರು. ಪೂರ್ತಿ ಕೈಬರಹ. ರೇಟು ಜಾಸ್ತಿ ಹೇಳುತ್ತಿದ್ದಾರೆ. ಅಸಲಿ ಎಂದು ತಿಳಿಯುವುದು ಹೇಗೆ? (ಡೊಂಬಿವಲಿಯ ಓದುಗರು)

ಉತ್ತರ: ಸಹಿಯನ್ನು ಕೊನೆಗೆ ನೋಡಿ. ನಕಲು ಮಾಡುವವನು ಕೂತು ಅಭ್ಯಾಸ ಮಾಡಿರುವುದು ಅದೊಂದನ್ನೇ. ಮಿಕ್ಕದ್ದರ ಕಡೆ ಅವನಿಗೆ ಅಷ್ಟು ಗಮನ ಇರುವುದಿಲ್ಲ. ಸಿಕ್ಕಿಬೀಳುವುದೂ ಅಲ್ಲೇ.

ಮೊದಲು ವಿಳಾಸ ಓದಿ. ಪೃಥ್ವಿರಾಜ್ ಬಹುಕಾಲ ಇದ್ದದ್ದು ನಮ್ಮ ದಕ್ಷಿಣದವರು ತುಂಬಿರುವ ಮುಂಬೈನ ಮಾಟುಂಗಾದಲ್ಲೇ. ಆಗ ಅದನ್ನು ‘ಬಾಂಬೆ 19’ ಎಂದು ಬರೆಯುತ್ತಿದ್ದರು. ಇವತ್ತಿನ 400019ರ ಬಾಲದಲ್ಲಿ ಆ 19 ಇನ್ನೂ ಇದೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅವರು ತೀರಿಕೊಂಡದ್ದು ಅದೇ ವರ್ಷ ಮೇ ತಿಂಗಳಲ್ಲಿ. ಅಂದಮೇಲೆ ಅವರ ಪತ್ರದಲ್ಲಿ ಆರಂಕಿಯ ಪಿನ್ ಕಂಡರೆ ಚೌಕಾಸಿಗೂ ನಿಲ್ಲಬೇಡಿ, ಮುಂದಿನ ಅಂಗಡಿಗೆ ಹೋಗಿ.

ಅಂಚೆ ಚೀಟಿಯೂ ಬಾಯಿ ಬಿಡುತ್ತದೆ. ನಯಾ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು, ಅದಕ್ಕೂ ಮುಂಚೆ ಆಣೆ ಲೆಕ್ಕ. 1950ರ ತಾರೀಖಿನ ಪತ್ರಕ್ಕೆ ನಯಾ ಪೈಸೆ ಚೀಟಿ ಅಂಟಿದ್ದರೆ ಕಥೆ ಮುಗಿಯಿತು. ಆದರೆ ಲಕೋಟೆ ನಿಜವಾದದ್ದೇ ಇದ್ದು, ಒಳಗೆ ಹೊಸ ಕಾಗದ ತುರುಕಿರುವುದೂ ಉಂಟು. ಕಾಗದದ ಹಳೇ ಮಡಿಕೆಗಳು ಆ ಲಕೋಟೆಗೆ ಸರಿಯಾಗಿ ಕೂರುತ್ತವಾ ನೋಡಿ. ಇದಕ್ಕೇ ನನಗೆ ಪೋಸ್ಟ್ ಕಾರ್ಡ್, ಇನ್‌ಲ್ಯಾಂಡ್ ಲೆಟರ್ ಮೇಲೆ ನಂಬಿಕೆ ಜಾಸ್ತಿ. ಬರಹ, ವಿಳಾಸ, ಅಂಚೆ ಮುದ್ರೆ ಮೂರೂ ಒಂದೇ ಹಾಳೆಯ ಮೇಲೆ. ಅದಲು ಬದಲು ಮಾಡುವುದು ಕಷ್ಟ.

ಇನ್ನು ಶಾಯಿ. ಬಾಲ್ ಪೆನ್ ಮಾರುಕಟ್ಟೆಯಲ್ಲಿ ಹರಡಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1930ರ ದಶಕದ ಪತ್ರ ಬಾಲ್ ಪೆನ್ನಿನಲ್ಲಿದ್ದರೆ ಸುಳ್ಳು. ಭೂತಗನ್ನಡಿ ಹಿಡಿದರೆ ವ್ಯತ್ಯಾಸ ಕಾಣುತ್ತದೆ: ಬಾಲ್ ಪೆನ್ ಕಾಗದವನ್ನು ಒತ್ತಿ ಗೀರು ಬಿಡುತ್ತದೆ, ಫೌಂಟನ್ ಪೆನ್ನಿನ ಶಾಯಿ ನಾರಿನೊಳಕ್ಕೆ ಇಂಗಿರುತ್ತದೆ. ಸಹಿಯ ಗೆರೆ ಸರಾಗವಾಗಿ ಓಡಿರಬೇಕು. ನಿಧಾನವಾಗಿ, ನಡುಗುತ್ತಾ, ಮಧ್ಯೆ ಮಧ್ಯೆ ಪೆನ್ ಎತ್ತಿದಂತಿದ್ದರೆ ಯಾರೋ ನೋಡಿಕೊಂಡು ಬರೆದಿದ್ದಾರೆ. ವಯಸ್ಸಾದವರ ಕೈಯೂ ನಡುಗುತ್ತದೆ, ನಿಜ. ಆಗ ಪತ್ರದ ತುಂಬ ನಡುಕ ಇರಬೇಕು, ಸಹಿಯಲ್ಲಿ ಮಾತ್ರ ಅಲ್ಲ.

ವಿಷಯ ಏನಿದೆ? ಪೃಥ್ವಿರಾಜ್ ಅವರ ಪೃಥ್ವಿ ಥಿಯೇಟರ್ಸ್ 1944ರಿಂದ 1960ರವರೆಗೆ ಊರೂರು ಸುತ್ತಿ ನಾಟಕ ಆಡಿದ ಕಂಪನಿ. ಯಾವುದೋ ಊರಿನ ಕ್ಯಾಂಪಿನಿಂದ ಬರೆದ, ಹಣಕಾಸಿನ ತಾಪತ್ರಯದ ಸಪ್ಪೆ ಪತ್ರವೇ ನನಗೆ ಇಷ್ಟ. ‘ಶುಭ ಹಾರೈಕೆಗಳು’ ಎಂದು ಎರಡು ಸಾಲು ಬರೆದು ದೊಡ್ಡದಾಗಿ ಸಹಿ ಹಾಕಿದ್ದರೆ ಹುಷಾರು. ಅಭಿಮಾನಿಗಳ ಪತ್ರಗಳಿಗೆ ಸೆಕ್ರೆಟರಿಗಳೇ ಸಹಿ ಹಾಕಿ ಕಳಿಸುತ್ತಿದ್ದದ್ದೂ ಇದೆ. ಅಂಥದ್ದು ಹಳೇದೇ, ಆದರೆ ನಟನ ಕೈಬರಹ ಅಲ್ಲ.

ಅಂದಹಾಗೆ, ಹಳೇ ಕಂತೆಗಳಲ್ಲಿ ಮೋಡಿ ಲಿಪಿಯ (ಮರಾಠಿಯ ಹಳೇ ಕೂಡುಬರಹ) ಪತ್ರಗಳು ಕಂಡರೆ ಬಿಡಬೇಡಿ. ಓದಲು ಬಾರದ್ದಕ್ಕೆ ವ್ಯಾಪಾರಿಗಳು ಸುಮ್ನೆ ಪಕ್ಕಕ್ಕೆ ಎಸೆದಿರುತ್ತಾರೆ. ನಮ್ಮ ಬೆಳಗಾವಿ, ಧಾರವಾಡದ ಕಡೆ ಹಳೇ ಜಮೀನು ಕಾಗದಗಳಲ್ಲೂ ಇದೇ ಲಿಪಿ ಅಲ್ವಾ, ಓದುವವರು ಸಿಕ್ಕೇ ಸಿಗುತ್ತಾರೆ.

ಕೊಂಡರೆ ಲ್ಯಾಮಿನೇಶನ್ ಬೇಡವೇ ಬೇಡ, ಸೆಲ್ಲೋ ಟೇಪೂ ಬೇಡ. ಮುಂಬೈ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ.

ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆ ಇದ್ದರೆ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ಐತಿಹಾಸಿಕ ಅಥವಾ ಸಾಹಿತ್ಯಿಕ ಬೆಲೆ ಇರುವ ದಾಖಲೆಗೆ 75 ವರ್ಷ ತುಂಬಿದರೆ ಅದನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಪತ್ರ 1940ರ ದಶಕದ್ದಾದರೆ ಆ ಗಡಿ ದಾಟಿರುತ್ತದೆ.