ಮನೆ ಜಗಲಿಯಲ್ಲೇ ರೋಮಿಂಗ್

ಕಾಸರಗೋಡಿನ ಪೆರ್ಲದಿಂದ ಅಡ್ಕಸ್ಥಳಕ್ಕೆ ಹೋಗುವ ದಾರಿಯಲ್ಲಿ, ಕೇರಳ–ಕರ್ನಾಟಕ ಗಡಿಗೆ ಸ್ವಲ್ಪ ಈಚೆ, ನಮ್ಮ ಅತ್ತೆಯ ಮನೆ. ಜಗಲಿಯ ಎರಡನೇ ಕಂಬಕ್ಕೆ ಒಂದು ಮೊಳೆ ಹೊಡೆದಿದ್ದಾರೆ. ಮೊಳೆಗೊಂದು ಬಟ್ಟೆ ಚೀಲ, ಚೀಲದೊಳಗೆ ಅತ್ತೆಯ ಮೊಬೈಲು. ಅಡುಗೆಮನೆಗೆ ತಂದರೆ ಸಿಗ್ನಲ್ ಇಲ್ಲ, ಅಂಗಳಕ್ಕೆ ಇಳಿದರೂ ಇಲ್ಲ. ಆ ಕಂಬದ ಹತ್ತಿರ ಮಾತ್ರ ಎರಡು ಗೆರೆ ಕಾಣಿಸುತ್ತದೆ.

ಹದಿನೈದು ವರ್ಷಗಳ ಹಿಂದೆ ಒಂದು ಸಂಜೆ ಅತ್ತೆ ನನ್ನನ್ನು ಕರೆದು ಕೇಳಿದರು: ‘ಆನು ಆರಿಂಗೂ ಫೋನು ಮಾಡಿದ್ದಿಲ್ಲೆ ಮಾಣಿ, ಪೈಸೆ ಎಲ್ಲಿಗೆ ಹೋತು?’ ಹಿಂದಿನ ದಿನವಷ್ಟೇ ರೀಚಾರ್ಜ್ ಮಾಡಿಸಿದ್ದರು. ನೋಡಿದರೆ ಫೋನು ಗುಡ್ಡದಾಚೆಯ ಕರ್ನಾಟಕದ ಟವರನ್ನು ಹಿಡಿದು ಕೂತಿತ್ತು. ಮೈಸೂರಿನಿಂದ ಮಗಳು ಮಾಡಿದ ಕರೆಗೆ ಅತ್ತೆಯ ಖಾತೆಯಿಂದ ದುಡ್ಡು ಹೋಗಿತ್ತು. ಮನೆ ಬಿಟ್ಟು ಕದಲದ ಅತ್ತೆ ಫೋನಿನ ಲೆಕ್ಕದಲ್ಲಿ ಬೇರೆ ರಾಜ್ಯಕ್ಕೆ ಹೋಗಿ ರೋಮಿಂಗ್‌ನಲ್ಲಿದ್ದರು!

ತಲಪಾಡಿ, ಅಡೂರು, ದೇಲಂಪಾಡಿ, ಬಂದಡ್ಕದ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಅಜ್ಜ–ಅಜ್ಜಿಯರ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕನ್ನು ತಾನಾಗಿ ಆಚೆಯ ಟವರ್ ಹಿಡಿಯದ ಹಾಗೆ ‘ಮ್ಯಾನ್ಯುವಲ್’ ಮಾಡಿಟ್ಟು ರಜೆ ಮುಗಿಸಿ ಹೋಗುತ್ತಿದ್ದರು. ಈ ತೊಂದರೆ ಎಲ್ಲಿಂದ ಬಂತು, ಈಗ ಎಷ್ಟು ಉಳಿದಿದೆ, ಮುಂದೇನಾಗಬಹುದು ಅನ್ನುವುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಟೆಲಿಫೋನು ಇಲಾಖೆಯೂ ರಾಜ್ಯಗಳ ಲೆಕ್ಕದಲ್ಲೇ ತನ್ನ ‘ಸರ್ಕಲ್’ಗಳನ್ನು, ಅಂದರೆ ಸೇವಾ ವಲಯಗಳನ್ನು, ಮಾಡಿಕೊಂಡಿತು. ಹಾಗಾಗಿ ನಮ್ಮ ಫೋನುಗಳ ಆಡಳಿತ ಕಣ್ಣೂರಿನ ಕಡೆಗೆ ಹೋಯಿತು. ಆದರೆ ನಮ್ಮ ಮಾತು ಹೋಗುತ್ತಿದ್ದದ್ದು ಮಂಗಳೂರಿಗೆ. ಅಡಿಕೆ ರೇಟು ಕೇಳಲು ಕ್ಯಾಂಪ್ಕೋಗೆ, ಆಸ್ಪತ್ರೆಗೆ, ಕಾಲೇಜಿನ ಹಾಸ್ಟೆಲಿಗೆ, ಪುತ್ತೂರು–ಸುಳ್ಯದ ನೆಂಟರಿಗೆ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್ ದೂರ. ಕಾಸರಗೋಡಿಗೆ 04994, ಮಂಜೇಶ್ವರ–ಉಪ್ಪಳ ಕಡೆಗೆ 04998, ಮಂಗಳೂರಿಗೆ 0824. ಎಸ್‌ಟಿಡಿ ಬೂತಿನಲ್ಲಿ ಕೆಂಪು ಅಂಕಿಗಳ ಮೀಟರ್ ಓಡುತ್ತಿದ್ದರೆ ಮಾತು ತಾನಾಗಿ ಗಿಡ್ಡವಾಗುತ್ತಿತ್ತು. ರಾತ್ರಿ ಹೊತ್ತು ದರ ಕಡಿಮೆ. ಹಾಗಾಗಿ ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಲ್ಲುವವರೂ ಇದ್ದರು.

1994ರಲ್ಲಿ ರಾಷ್ಟ್ರೀಯ ದೂರಸಂಪರ್ಕ ನೀತಿ ಬಂತು. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಸರಕಾರ ಲೈಸೆನ್ಸ್ ಮಾರಿದ್ದು ಸರ್ಕಲ್ ಲೆಕ್ಕದಲ್ಲಿ. ಹೆಚ್ಚು ಗಿರಾಕಿ, ಹೆಚ್ಚು ವ್ಯಾಪಾರ ಇರುವ ಕಡೆ ‘ಎ’ ದರ್ಜೆ, ಅದಕ್ಕಿಂತ ಕಡಿಮೆ ಇದ್ದರೆ ‘ಬಿ’, ಆಮೇಲೆ ‘ಸಿ’. ಕರ್ನಾಟಕ ‘ಎ’, ಕೇರಳ ‘ಬಿ’. ಆಡಳಿತಕ್ಕೆಂದು ಎಳೆದ ಗೆರೆ ಹೀಗೆ ವ್ಯಾಪಾರದ ಬೇಲಿಯಾಯಿತು. ಒಂದು ಸರ್ಕಲ್ಲಿನ ಕಂಪನಿ ಗಡಿ ದಾಟಿ ಟವರ್ ಹಾಕುವಂತಿಲ್ಲ. ತನ್ನ ಸಿಗ್ನಲ್ ಪಕ್ಕದ ಸರ್ಕಲ್ಲಿಗೆ ಜಾಸ್ತಿ ಚೆಲ್ಲದ ಹಾಗೆಯೂ ನೋಡಿಕೊಳ್ಳಬೇಕು. ಗಡಿಯ ಟವರಿನ ಸುತ್ತಲಿನ ಅರ್ಧ ಜಾಗ ಹೇಗೂ ಪಕ್ಕದ ಸರ್ಕಲ್ಲಿನದು. ಅಲ್ಲಿ ದುಡ್ಡು ಹಾಕಲು ಯಾರಿಗೆ ಆಸಕ್ತಿ ಇರುತ್ತದೆ? ಎರಡೂ ಕಡೆಯ ಸಿಗ್ನಲ್ಲಿನ ತುದಿ ಮಾತ್ರ ನಮ್ಮ ತೋಟಗಳಿಗೆ ಬಿತ್ತು.

ರಾಜ್ಯದ ಗಡಿ ಅಂದ ಮೇಲೆ ಹಾಗೇ ಅಲ್ವಾ ಅಂತ ಅನೇಕರು ಹೇಳುತ್ತಾರೆ. ಹಾಗೇನೂ ಇಲ್ಲ. ನೋಯ್ಡಾ, ಗಾಜಿಯಾಬಾದ್ ಇರುವುದು ಉತ್ತರ ಪ್ರದೇಶದಲ್ಲಿ. ಗುರುಗ್ರಾಮ, ಫರೀದಾಬಾದ್ ಹರಿಯಾಣದಲ್ಲಿ. ಮೊಬೈಲ್ ಲೆಕ್ಕದಲ್ಲಿ ಈ ನಾಲ್ಕೂ ದಿಲ್ಲಿ ಸರ್ಕಲ್. ಗೋವಾ ಬೇರೆ ರಾಜ್ಯವಾದರೂ ಮಹಾರಾಷ್ಟ್ರ ಸರ್ಕಲ್ಲಿನಲ್ಲಿದೆ. ಅಷ್ಟೇಕೆ, ನಮ್ಮ ಪಕ್ಕದ ಕಣ್ಣೂರಿಗೆ ತಾಗಿದ ಮಾಹೆ ಪುದುಚೇರಿಯದ್ದು, ಅದರ ಫೋನು ಕೇರಳ ಸರ್ಕಲ್. ಜನ ಎಲ್ಲಿಗೆ ಓಡಾಡುತ್ತಾರೆ, ಯಾರ ಜೊತೆ ಮಾತಾಡುತ್ತಾರೆ ಅನ್ನುವುದನ್ನು ನೋಡಿ ಗೆರೆಯನ್ನು ಸ್ವಲ್ಪ ಸರಿಸಬಹುದು ಅಂತ ಸರಕಾರಕ್ಕೆ ಗೊತ್ತಿತ್ತು. ದಿಲ್ಲಿಯ ಸುತ್ತ ಸರಿಸಿತು. ದಿನಾ ಬೆಳಿಗ್ಗೆ ಮಂಗಳೂರಿನ ಬಸ್ಸು, ರೈಲು ಹತ್ತುವ ಮಂಜೇಶ್ವರದವರ ಮಟ್ಟಿಗೆ ಯಾರೂ ಯೋಚನೆ ಮಾಡಲಿಲ್ಲ. ನನಗೆ ಇಂದಿಗೂ ನೋವಾಗುವುದು ಇಲ್ಲೇ.

ಕೇರಳದಲ್ಲಿ ಮೊಬೈಲ್ ಶುರುವಾದದ್ದು 1996ರ ಸೆಪ್ಟೆಂಬರ್‌ನಲ್ಲಿ. ಆ ಕಾಲಕ್ಕೆ ದೇಶದಲ್ಲಿ ಒಂದು ನಿಮಿಷದ ಮಾತಿಗೆ 16 ರೂಪಾಯಿ 80 ಪೈಸೆವರೆಗೂ ಇತ್ತು. ಬಂದ ಕರೆಗೂ ದುಡ್ಡು. 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಬಂತು, 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಜನಸಾಮಾನ್ಯರ ಕೈಗೆ ಫೋನ್ ಸಿಕ್ಕಿದ್ದು ಆಮೇಲೆ. ಬಿಎಸ್‌ಎನ್‌ಎಲ್ ಕೇರಳಕ್ಕೆ ಕೊಟ್ಟ ನಂಬರು 9447ರಿಂದ ಶುರು, ಕರ್ನಾಟಕದ್ದು 9448ರಿಂದ. ಒಂದೇ ಒಂದು ಅಂಕಿಯ ವ್ಯತ್ಯಾಸ, ಅದೇ ನಮ್ಮೂರಿನಲ್ಲಿ ಲೋಕಲ್ಲಿಗೂ ಎಸ್‌ಟಿಡಿಗೂ ಇದ್ದ ವ್ಯತ್ಯಾಸ. 2006ರ ಮಾರ್ಚ್ 1ರಿಂದ ದೇಶದ ಯಾವ ಮೂಲೆಗಾದರೂ ಒಂದು ರೂಪಾಯಿ ಅಂತ ಬಿಎಸ್‌ಎನ್‌ಎಲ್ ‘ಒನ್ ಇಂಡಿಯಾ’ ತಂದಾಗ ನಮ್ಮಲ್ಲಿ ಆದ ಸಂತೋಷ ಬೆಂಗಳೂರಿನಲ್ಲಿ ಆಗಿರಲಿಕ್ಕಿಲ್ಲ.

ರೋಮಿಂಗ್ ಮಾತ್ರ ಉಳಿಯಿತು. ಬಂದ ಕರೆಗೆ ನಿಮಿಷಕ್ಕೆ ಹೆಚ್ಚೆಂದರೆ 1 ರೂಪಾಯಿ 75 ಪೈಸೆ ಅಂತ ನಿಯಂತ್ರಣ ಸಂಸ್ಥೆ ಟ್ರಾಯ್ 2007ರಲ್ಲಿ ಮಿತಿ ಹಾಕಿತು. 2013ರಲ್ಲಿ ಅದು 75 ಪೈಸೆಗೆ ಇಳಿಯಿತು, 2015ರಲ್ಲಿ 45 ಪೈಸೆಗೆ. ಗಡಿಯವರು ತಮ್ಮದೇ ದಾರಿ ಹುಡುಕಿಕೊಂಡಿದ್ದರು: ಎರಡು ಸಿಮ್. ಒಂದು ಇಲ್ಲಿಯದು, ಒಂದು ಆಚೆಯದು. ಮೊದಮೊದಲು ಜೇಬಿನಲ್ಲಿ ಎರಡು ಫೋನು, ಆಮೇಲೆ ಎರಡು ಸಿಮ್ಮಿನ ಒಂದು ಫೋನು. 2015ರ ಜುಲೈಯಲ್ಲಿ ಸರ್ಕಲ್ ಬದಲಾದರೂ ನಂಬರ್ ಉಳಿಸಿಕೊಳ್ಳುವ ಅವಕಾಶ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ದೇಶದೊಳಗೆ ರೋಮಿಂಗ್ ಶುಲ್ಕವೇ ಇಲ್ಲ ಅಂದಿತು. ಉಳಿದವರೂ ಹಿಂದೆಯೇ ಬಂದರು. ಅತ್ತೆಯ ದುಡ್ಡಿನ ಸೋರಿಕೆ ಅಲ್ಲಿಗೆ ನಿಂತಿತು. ಸಿಗ್ನಲ್ ಮಾತ್ರ ಕಂಬದ ಹತ್ತಿರವೇ ಉಳಿಯಿತು.

ಇಂಟರ್‌ನೆಟ್ಟಿನ ಕತೆ ಬೇರೆ ದಾರಿಯಲ್ಲಿ ಬಂತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದ ಜನರಿಗೆ ಇಂಟರ್‌ನೆಟ್ ತೆರೆದಾಗ ಅದು ದೊಡ್ಡ ನಗರಗಳ ಮಾತಾಗಿತ್ತು. ನಮ್ಮ ತೋಟದ ಮನೆಗಳಿಗೆ ಅದು ನಿಜವಾಗಿ ಬಂದದ್ದು 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರು ಮಾಡಿದ ಮೇಲೆ, ಹಳೇ ತಾಮ್ರದ ತಂತಿಯಲ್ಲಿ. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಬಳಸಿ ಅನ್ನುವ ಒಂದು ಪ್ಲಾನ್ ಇತ್ತು. ಅಲಾರಂ ಇಟ್ಟು ಎರಡಕ್ಕೆ ಎದ್ದು ಡೌನ್‌ಲೋಡಿಗೆ ಹಾಕಿ ಮತ್ತೆ ಮಲಗಿದವರಲ್ಲಿ ನಾನೂ ಒಬ್ಬ. ಏಪ್ರಿಲ್–ಮೇಯಲ್ಲಿ ಗುಡುಗು ಶುರುವಾಯಿತೋ, ಮನೆಯವರೆಲ್ಲ ‘ವಯರು ತೆಗಿ, ವಯರು ತೆಗಿ’ ಅಂತ ಕೂಗುತ್ತಿದ್ದರು. ತೆಗೆಯಲು ಮರೆತರೆ ಮೋಡೆಮ್ ಸುಟ್ಟು ಕರಕಲು. ಆ ವಾಸನೆ ಎರಡು ದಿನ ಕೋಣೆಯಲ್ಲೇ ಇರುತ್ತಿತ್ತು.

ಅದೇ ಹೊತ್ತಿಗೆ ಕಂಪನಿಗಳ ಲೋಕ ತಲೆಕೆಳಗಾಗುತ್ತಿತ್ತು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 2ಜಿ ಹಂಚಿಕೆಯ ಪ್ರಕರಣದಲ್ಲಿ 122 ಲೈಸೆನ್ಸ್‌ಗಳನ್ನು ರದ್ದು ಮಾಡಿತು. ಜಿಯೋ ಬಂದ ಮೇಲೆ ದರ ಕುಸಿದು ಎಷ್ಟೋ ಕಂಪನಿಗಳು ಬಾಗಿಲು ಹಾಕಿದವು, ಕೆಲವು ಒಂದಾದವು. 2018ರಲ್ಲಿ ವೊಡಾಫೋನ್–ಐಡಿಯಾ ಸೇರಿದವು. 2019ರ ಅಕ್ಟೋಬರ್‌ನಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪಿನಿಂದ, ಸರಕಾರಕ್ಕೆ ಕೊಡಬೇಕಾದ ಆದಾಯದ ಪಾಲಿನ ಹಳೇ ಬಾಕಿಯ ಹೊರೆ ಕಂಪನಿಗಳ ಮೇಲೆ ಬಿತ್ತು. ಈಗ ಉಳಿದದ್ದು ಮೂರು ಖಾಸಗಿ ಕಂಪನಿ, ಜೊತೆಗೆ ಬಿಎಸ್‌ಎನ್‌ಎಲ್. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ಹೆಚ್ಚುಕಮ್ಮಿ ಒಟ್ಟಿಗೇ ದರ ಏರಿಸಿದವು. ಗಿರಾಕಿಗೆ ಆಯ್ಕೆ ಕಡಿಮೆಯಾದರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು ದೇಶಕ್ಕೆಲ್ಲ ಅಧಿಕೃತವಾಗಿ ತೆರೆದದ್ದು 2025ರ ಸೆಪ್ಟೆಂಬರ್‌ನಲ್ಲಿ. ಬಹಳ ತಡವಾಯಿತು. ಆದರೂ ಗುಡ್ಡದ ಊರಿನವರು ಇನ್ನೂ ನೆಚ್ಚಿಕೊಂಡಿರುವುದು ಅದನ್ನೇ.

ಗಲ್ಫ್ ಇಲ್ಲದೆ ಕಾಸರಗೋಡಿನ ಫೋನಿನ ಕತೆ ಮುಗಿಯುವುದಿಲ್ಲ. ಹಿಂದೆ ಐಎಸ್‌ಡಿ ಕರೆಯ ಒಂದೊಂದು ನಿಮಿಷವನ್ನೂ ಲೆಕ್ಕ ಹಾಕುತ್ತಿದ್ದ ಮನೆಗಳಲ್ಲಿ ಇವತ್ತು ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಾಗಲೂ ಅಪ್ಪ ವಿಡಿಯೋದಲ್ಲಿರುತ್ತಾನೆ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆಗೆ ತಡೆ ಇದೆ. ಹಾಗಾಗಿ ಅಲ್ಲಿ ಒಪ್ಪಿಗೆ ಇರುವ ಬೋಟಿಮ್‌ನಂಥ ಆ್ಯಪ್ ನಮ್ಮ ಅಜ್ಜಿಯಂದಿರ ಫೋನಿನಲ್ಲೂ ಇದೆ. ಕರೆಯಿಂದ ಬರುತ್ತಿದ್ದ ಆದಾಯ ಆ್ಯಪ್‌ಗಳಿಗೆ ಹೋಯಿತು, ಅವರೂ ನೆಟ್‌ವರ್ಕಿನ ಖರ್ಚಿಗೆ ಪಾಲು ಕೊಡಲಿ ಅಂತ ನಮ್ಮ ಕಂಪನಿಗಳು ಕೇಳುತ್ತಲೇ ಇವೆ. ಯಾವ ತಾಣಕ್ಕೂ ಬೇರೆ ಬೇರೆ ದರ ಹಾಕಬಾರದು ಅಂತ ಟ್ರಾಯ್ 2016ರ ಫೆಬ್ರವರಿಯಲ್ಲೇ ಆದೇಶ ಕೊಟ್ಟಿದೆ. ಅದು ಸಡಿಲವಾದರೆ ಮೊದಲು ಪೆಟ್ಟು ಬೀಳುವುದು ಇಂಥ ಮನೆಗಳಿಗೆ. ಯಾಕೆಂದರೆ ಆ ಖರ್ಚು ಸುತ್ತಿ ಬಳಸಿ ಬರುವುದು ಗಿರಾಕಿಯ ತಲೆಗೇ.

ಭಾಷೆಯ ತೊಂದರೆಯನ್ನು ಯಾವ ದರ ಇಳಿಕೆಯೂ ಸರಿ ಮಾಡಲಿಲ್ಲ. ಕನ್ನಡ ಮಾತ್ರ ಓದಬಲ್ಲ ಅತ್ತೆಗೆ ಕಂಪನಿಯ ಸಂದೇಶ ಬರುವುದು ಮಲಯಾಳದಲ್ಲಿ. ಹಳೇ ಫೋನಿನಲ್ಲಂತೂ ಅಕ್ಷರದ ಬದಲು ಬರೇ ಚೌಕಗಳು. ಸಹಾಯವಾಣಿಗೆ ಕರೆ ಮಾಡಿದರೆ ಮಲಯಾಳಕ್ಕೆ ಒಂದು ಒತ್ತಿ, ಇಂಗ್ಲಿಷಿಗೆ ಇನ್ನೊಂದು ಒತ್ತಿ ಅಂತ ಹೇಳುತ್ತದೆ. ಕನ್ನಡಕ್ಕೆ ಗುಂಡಿಯೇ ಇಲ್ಲ. ಅಡ್ಕಸ್ಥಳದ ಆಚೆ ಅದೇ ಕಂಪನಿ ಚೆಂದದ ಕನ್ನಡ ಮಾತಾಡುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಈ ಹಕ್ಕು ಫೋನ್ ಕಂಪನಿಯ ಬಾಗಿಲಲ್ಲಿ ನಿಂತುಬಿಡುತ್ತದೆ. ಬ್ಯಾಂಕು, ಪಿಂಚಣಿ, ಗ್ಯಾಸ್ ಎಲ್ಲ ಫೋನಿನೊಳಗೆ ಹೋಗಿರುವಾಗ ಇದೇನು ಸಣ್ಣ ವಿಷಯವಲ್ಲ.

ಹಾಗಾದರೆ ಮುಂದೆ? 2023ರ ಜೂನ್ 5ರಂದು ಕೇರಳ ಸರಕಾರ ಕೆ–ಫೋನ್ ಶುರು ಮಾಡಿತು. ಕರೆಂಟು ಕಂಬಗಳ ಮೇಲೆ ಫೈಬರ್ ಎಳೆದು, 20 ಲಕ್ಷ ಬಡ ಮನೆಗಳಿಗೆ ಉಚಿತ ಇಂಟರ್‌ನೆಟ್ ಕೊಡುವ ಗುರಿ ಅದರದ್ದು. ಊರಿನ ಕೇಬಲ್ ಟಿವಿಯವರೂ ಒಟ್ಟಾಗಿ ಫೈಬರ್ ಕೊಡುತ್ತಿದ್ದಾರೆ. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ, ಹಾಗಾಗಿ ಆ ದಾರಿಯಲ್ಲಿ ಸಿಡಿಲು ಒಳಗೆ ಬರುವುದಿಲ್ಲ. ಅಡಿಕೆ ತೋಟದವರಿಗೆ ಇದು ದೊಡ್ಡ ಸಮಾಧಾನ. ಆದರೆ ಒಂದು ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾದರೆ ಸರಿ ಮಾಡಲು ಬರುವವರು ಬೇಕಲ್ಲ. ಗಡಿಯ ಕೊನೆಯ ಮನೆಗೆ ಅವರು ಬರುವುದೂ ಕೊನೆಗೇ.

2025ರ ಜೂನ್‌ನಲ್ಲಿ, ಉಪಗ್ರಹದಿಂದ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ ನಮ್ಮ ದೇಶದಲ್ಲಿ ಪರವಾನಗಿ ಸಿಕ್ಕಿತು. ಉಪಗ್ರಹಕ್ಕೆ ಪೆರ್ಲವೂ ಒಂದೇ, ಗಡಿಯಾಚೆಯ ಅಡ್ಯನಡ್ಕವೂ ಒಂದೇ. ಆದರೆ ಅದರ ತಟ್ಟೆಗೆ ತೆರೆದ ಆಕಾಶ ಬೇಕು. ಅಡಿಕೆ, ತೆಂಗು, ಹಲಸಿನ ನಡುವೆ ಇರುವ ನಮ್ಮ ಮನೆಗಳ ಮೇಲೆ ತೆರೆದ ಆಕಾಶ ಎಷ್ಟಿದೆ? ಅದೂ ಅಲ್ಲದೆ ಅದು ಅಗ್ಗದ ವಸ್ತುವಲ್ಲ.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಬೇರೆ ಎರಡು ಬೆಳವಣಿಗೆ. 2024ರ ಸೆಪ್ಟೆಂಬರ್‌ನಲ್ಲಿ ಟ್ರಾಯ್, 2023ರ ಹೊಸ ದೂರಸಂಪರ್ಕ ಕಾಯ್ದೆಯಡಿ ಇಡೀ ದೇಶಕ್ಕೆ ಒಂದೇ ಅನುಮತಿ ಕೊಡುವ ವ್ಯವಸ್ಥೆ ಇರಲಿ ಅಂತ ಶಿಫಾರಸು ಮಾಡಿತು. ಆದರೂ 2022ರ 5ಜಿ ಹರಾಜಿನಲ್ಲಿ ತರಂಗಗಳನ್ನು ಮಾರಿದ್ದು ಸರ್ಕಲ್ ಲೆಕ್ಕದಲ್ಲೇ, ಅದೂ 20 ವರ್ಷಕ್ಕೆ. ಹಾಗಾಗಿ ಗೆರೆ ಇಷ್ಟು ಬೇಗ ಅಳಿಸಿಹೋಗುವುದಿಲ್ಲ. ಎರಡನೆಯದು 2025ರ ಜನವರಿಯದು. ಸರಕಾರದ ನಿಧಿಯಿಂದ ಹಾಕಿದ 4ಜಿ ಟವರುಗಳಲ್ಲಿ ಅದೇ ಸರ್ಕಲ್ಲಿನ ಬೇರೆ ಕಂಪನಿಗಳ ಗಿರಾಕಿಗಳೂ ಸಂಪರ್ಕ ಪಡೆಯುವ ಏರ್ಪಾಡು ಆಗ ಬಂತು. ಒಂದು ಸರ್ಕಲ್ಲಿನೊಳಗೆ ಟವರ್ ಹಂಚಿಕೊಳ್ಳಬಹುದಾದರೆ, ಗಡಿಯ ಐದಾರು ಕಿಲೋಮೀಟರಿನಲ್ಲಿ ಎರಡು ಸರ್ಕಲ್ಲುಗಳ ನಡುವೆ ಯಾಕಾಗಬಾರದು? ಆ ನಿಧಿ ಬರುವುದೇ ಕಂಪನಿಗಳ ಆದಾಯದ ಪಾಲಿನಿಂದ. ಅಂದರೆ ಅತ್ತೆ ಜಗಲಿಯಲ್ಲಿ ಕೂತು ಕಳೆದುಕೊಂಡ ದುಡ್ಡಿನ ಒಂದು ಚೂರೂ ಅದರಲ್ಲಿದೆ.

ಎಲ್ಲೆಲ್ಲಿ ಸಿಗ್ನಲ್ ಇದೆ ಅಂತ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ನಕ್ಷೆ ಹಾಕಬೇಕು ಅನ್ನುವ ಟ್ರಾಯ್ ನಿಯಮ ಈಗ ಜಾರಿಯಲ್ಲಿದೆ. ಮೊನ್ನೆ ಅತ್ತೆಯ ಮನೆಗೆ ಹೋದಾಗ ಅದನ್ನು ತೆರೆದು ನೋಡಿದೆ. ಕಂಬದ ಹತ್ತಿರ ನಿಂತೇ ತೆರೆಯಬೇಕಾಯಿತು. ಅತ್ತೆಯ ಕಂಪನಿಯ ನಕ್ಷೆಯಲ್ಲಿ ನಮ್ಮ ಗುಡ್ಡ, ತೋಟ, ತೋಡು ಎಲ್ಲ ಬಣ್ಣ ತುಂಬಿಕೊಂಡಿತ್ತು, ಎಲ್ಲೂ ಒಂದು ಖಾಲಿ ಜಾಗ ಇರಲಿಲ್ಲ. ಆ ಪುಟದ ಚಿತ್ರ ತೆಗೆದೆ. ಅಡುಗೆಮನೆಯಲ್ಲಿ, ಅಂಗಳದಲ್ಲಿ, ಹಟ್ಟಿಯ ಹತ್ತಿರ ಫೋನು ತೋರಿಸಿದ್ದರ ಚಿತ್ರವನ್ನೂ ತೆಗೆದು, ಎಲ್ಲವನ್ನೂ ಸೇರಿಸಿ ಪಂಚಾಯತ್ ಸದಸ್ಯರಿಗೆ ಕಳಿಸಿದೆ. ಅಕ್ಕಪಕ್ಕದ ಹನ್ನೊಂದು ಮನೆಯವರೂ ತಮ್ಮ ತಮ್ಮ ಮನೆಯದ್ದು ಕಳಿಸುತ್ತೇವೆ ಅಂದಿದ್ದಾರೆ.